ಬೇರಿನ ಸ್ಪರ್ಶ, ಶ್ರಾವಕನ ಎಚ್ಚರ

ಜೈನಾಗಮವು ಸಸ್ಯವನ್ನು ಏಕೇಂದ್ರಿಯ ಜೀವವೆಂದು ಕರೆಯುತ್ತದೆ. ಅದಕ್ಕಿರುವ ಇಂದ್ರಿಯ ಸ್ಪರ್ಶನವೊಂದೇ. ಕಣ್ಣು, ಕಿವಿ, ಮೂಗು, ನಾಲಗೆಗಳಿಲ್ಲದ ಆ ಜೀವಕ್ಕೆ ಜಗತ್ತು ತಿಳಿಯುವುದಾದರೆ ಸ್ಪರ್ಶದಿಂದಲೇ ತಿಳಿಯಬೇಕು.

1880ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್‌ನ ನೆರವಿನಿಂದ ಸಸ್ಯಗಳ ಚಲನೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಮೊಳಕೆಯ ಬೇರಿನ ತುದಿಯ ಒಂದು ಪಕ್ಕಕ್ಕೆ ರಟ್ಟಿನ ಚಿಕ್ಕ ಚೂರನ್ನು ಅಂಟಿಸಿದಾಗ ಬೇರು ಅದರಿಂದ ದೂರಕ್ಕೆ ಬಾಗಿತು. (ಅಂಟಿನಿಂದಾದ ಗಾಯವೇ ಇದಕ್ಕೆ ಕಾರಣವೆಂದು ಅನಂತರ ಕೆಲವರು ಆಕ್ಷೇಪಿಸಿದ್ದುಂಟು.) ಬೇರಿನ ತುದಿ ಕೆಳವರ್ಗದ ಪ್ರಾಣಿಯ ಮಿದುಳಿನಂತೆ ವರ್ತಿಸುತ್ತದೆ ಎಂಬ ಅಭಿಪ್ರಾಯದೊಂದಿಗೆ ಆ ಗ್ರಂಥ ಮುಗಿಯುತ್ತದೆ. ಇದರ ಒಳಗಿನ ಕ್ರಮ ಈಗ ಬಹುಮಟ್ಟಿಗೆ ತಿಳಿದಿದೆ. ಕಲ್ಲು ತಾಗಿದೊಡನೆ ಬೇರಿನ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಕ್ಸಿನ್ ಎಂಬ ರಸ ಯಾವ ಪಕ್ಕದಲ್ಲಿ ಹೆಚ್ಚುವುದೋ ಆ ಪಕ್ಕದ ಬೆಳವಣಿಗೆ ಕುಂಠಿತವಾಗುತ್ತದೆ; ಇನ್ನೊಂದು ಪಕ್ಕ ನೀಳವಾಗಿ ಬೇರು ಬಾಗುತ್ತದೆ. ತೇವವಿದ್ದಲ್ಲಿಗೆ ಅದು ತಿರುಗುತ್ತದೆ, ಉಪ್ಪು ಹೆಚ್ಚಿದಲ್ಲಿಂದ ಸರಿಯುತ್ತದೆ.

ವಿಜ್ಞಾನವು ಆಗಮವನ್ನು ಸಿದ್ಧಮಾಡಿ ತೋರಿಸಿತು ಎಂದು ಇದರಿಂದ ಸಂಭ್ರಮಿಸುವವರುಂಟು. ಅದು ಅವಸರದ ಮಾತು. ಬೇರು ಸ್ಪಂದಿಸುತ್ತದೆಂದು ಪ್ರಯೋಗ ತೋರಿಸಿದೆ, ನೋಯುತ್ತದೆಂದು ತೋರಿಸಿಲ್ಲ. ನಾಳೆ ಪ್ರಯೋಗಾಲಯವು ಮಾತು ಬದಲಿಸಿದರೆ ವ್ರತವನ್ನೂ ಬದಲಿಸಬೇಕೇ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪ್ರಮಾದದಿಂದ ಪ್ರಾಣಗಳನ್ನು ಕಳೆಯುವುದೇ ಹಿಂಸೆಯೆಂದು ಹೇಳುತ್ತದೆ. ಅಲ್ಲಿ ಮೊದಲು ವಿಚಾರಣೆಗೆ ಒಳಗಾಗುವವನು ಗುದ್ದಲಿ ಹಿಡಿದವನು. ಬೇರಿನ ನೋವು ನಿಶ್ಚಯವಾಗುವವರೆಗೆ ಅವನ ಎಚ್ಚರ ಕಾಯಬೇಕಾಗಿಲ್ಲ.

ಕಂದಮೂಲಗಳ ತ್ಯಾಗಕ್ಕೆ ಇನ್ನೊಂದು ಕಾರಣವಿದೆ. ಅವು ಸಾಧಾರಣ ವನಸ್ಪತಿ. ಒಂದೇ ಶರೀರದಲ್ಲಿ ಅನಂತ ಜೀವಗಳು ಆಹಾರ, ಉಸಿರುಗಳನ್ನು ಒಟ್ಟಿಗೆ ಹಂಚಿಕೊಂಡಿರುತ್ತವೆ. ಶುಂಠಿಯು ಬೇರಲ್ಲ, ನೆಲದೊಳಗಿನ ಕಾಂಡವೆಂದು ಸಸ್ಯಶಾಸ್ತ್ರಜ್ಞರು ತಿದ್ದಬಹುದು. ಆದರೆ ಮುರಿದ ತುಂಡಿನಿಂದಲೂ ಹೊಸ ಗಿಡ ಚಿಗುರುವ ಅದರ ಸ್ವಭಾವವನ್ನು ಆ ತಿದ್ದುಪಡಿ ಅಳಿಸದು.

ಕಾಫಿ, ಕಾಳುಮೆಣಸುಗಳ ನಡುವೆ ಶುಂಠಿಯೂ ಬೆಳೆಯುವ ವಯನಾಡಿನಂಥ ಸೀಮೆಯಲ್ಲಿ ಇದು ಕೇವಲ ಅಡಿಗೆಮನೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಸಿಶುಂಠಿಯನ್ನು ಬಾಯಿಗಿಡದ ಶ್ರಾವಕನು ಅದನ್ನು ಬೆಳೆದು ಮಾರಬಹುದೇ? ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು. ಜೀವನೋಪಾಯದ ಉದ್ಯೋಗೀ ಹಿಂಸೆ ಅವನಿಗೆ ಪೂರ್ತಿಯಾಗಿ ತಪ್ಪದು. ಕೃಷಿಯು ಈ ಎರಡನೆಯದರಲ್ಲಿ ಸೇರುತ್ತದೆ. ಆದರೆ ಹೆಸರಿಟ್ಟ ಮಾತ್ರಕ್ಕೆ ಲೆಕ್ಕ ತೀರುವುದಿಲ್ಲ. ಶುಂಠಿ ಕೀಳಬೇಕಾದರೆ ಮಡಿಯನ್ನೆಲ್ಲ ಅಗೆಯಬೇಕು. ಅಲ್ಲಿನ ಎರೆಹುಳು ದ್ವೀಂದ್ರಿಯ ಜೀವ. ಮೆಣಸಿನ ಬಳ್ಳಿಯಾದರೋ ತನ್ನ ಗೆಣ್ಣುಗಳ ಬೇರುಗಳಿಂದ ಆಸರೆಯ ಮರವನ್ನು ತಬ್ಬಿ ಹಲವು ವರ್ಷ ಬಾಳುತ್ತದೆ. ಕೊಯ್ಯುವವನು ಗೊನೆಗಳನ್ನಷ್ಟೇ ಬಿಡಿಸಿಕೊಂಡು ಏಣಿಯಿಂದ ಇಳಿಯುತ್ತಾನೆ.