ಬೆಕ್ಕೂ ಬೇಡಿಕೆಯೂ

ಸೋಮಾರಿಯು ಇರುವೆಯನ್ನು ನೋಡಿ ಬುದ್ಧಿ ಕಲಿಯಲಿ ಎಂದು ಜ್ಞಾನಿಯಾದ ಸೊಲೊಮೋನನು ಬೋಧಿಸಿದ್ದಾನೆ. ಕುರಿ, ಕತ್ತೆ, ಹದ್ದು, ಗುಬ್ಬಿ ಇವುಗಳ ಮಾತು ಸತ್ಯವೇದದಲ್ಲಿ ಅಲ್ಲಲ್ಲಿ ಉಂಟು. ನಮ್ಮ ಸತ್ಯವೇದದ 66 ಪುಸ್ತಕಗಳಲ್ಲಿ ಸಾಕುಬೆಕ್ಕಿನ ಪ್ರಸ್ತಾಪ ಮಾತ್ರ ಇಲ್ಲ. ಆದರೂ ನಮ್ಮ ಒಲೆಯ ಮಗ್ಗುಲಲ್ಲಿ ಮಲಗುವ ಈ ಪ್ರಾಣಿಯು ನಾವು ಕಲಿಯಲು ನಾಚುವ ಒಂದು ಪಾಠವನ್ನು ದಿನಾಲು ನಡಿಸಿ ತೋರಿಸುತ್ತದೆ. ಅದು ಯಾವದೆಂದರೆ, ಬೇಕಾದದ್ದನ್ನು ಬಾಯಿಬಿಟ್ಟು ಕೇಳುವದು.

ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ಮಿಯಾವ್ ಎಂದು ಕೂಗುವದು ಅಪರೂಪ. ಮರಿಯಾಗಿದ್ದಾಗ ತಾಯಿಯನ್ನು ಕರೆಯುವ ಆ ಕೂಗನ್ನು ಅವು ಬೆಳೆದ ಮೇಲೆ ಹೆಚ್ಚಾಗಿ ಮನುಷ್ಯರಿಗೋಸ್ಕರವೇ ಇಟ್ಟುಕೊಳ್ಳುತ್ತವೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕರೆನ್ ಮೆಕೋಂಬ್ ಎಂಬ ವಿದ್ವಾಂಸೆಯೂ ಅವರ ಸಂಗಡಿಗರೂ 2009ರಲ್ಲಿ ಮತ್ತೊಂದು ಸಂಗತಿಯನ್ನು ಪ್ರಕಟಿಸಿದರು. ಹೇಗಂದರೆ, ಆಹಾರ ಬೇಡುವ ಬೆಕ್ಕಿನ ಗುರ್ ಗುರ್ ಎಂಬ ಶಬ್ದದೊಳಗೆ ಅಳುವಿನಂಥ ಎತ್ತರದ ಸ್ವರವೊಂದು ಬೆರೆತಿರುವದುಂಟು; ಬೆಕ್ಕನ್ನು ಸಾಕಿ ಅರಿಯದವರಿಗೂ ಆ ಶಬ್ದವು ಅವಸರದ್ದೆಂದು ತೋರುತ್ತದೆ. ತನ್ನ ಕೊರತೆಯನ್ನು ನೀಗಿಸತಕ್ಕವನು ಯಾರೆಂದು ಬೆಕ್ಕು ತಿಳಿದಿದೆ. ಅವನ ಬಳಿಗೇ ಹೋಗಿ ಅವನು ತಿಳಿಯುವ ಹಾಗೆ ಕೇಳುತ್ತದೆ.

ನಾವಾದರೋ ಹೇಗಿದ್ದೇವೆ? ಮಳೆ ತಪ್ಪಿದ ವರುಷದಲ್ಲಿ ಒಬ್ಬ ಸಹೋದರನ ಮನೆಯಲ್ಲಿ ಕಾಳು ಮುಗಿಯಿತೆಂದು ಎಣಿಸೋಣ. ಆತನು ಸಭೆಯ ಹಿರಿಯರಿಗೂ ನೆರೆಯವನಿಗೂ ಹೇಳುವದಿಲ್ಲ. ಆದಿತ್ಯವಾರ ಒಗೆದ ಬಟ್ಟೆ ಉಟ್ಟು ಆರಾಧನೆಗೆ ಬಂದು, ಕ್ಷೇಮವೋ ಎಂದರೆ ಕ್ಷೇಮವೇ ಎನ್ನುತ್ತಾನೆ. ಸೋಮವಾರ ಸಾಹುಕಾರನ ಬಾಗಲಿಗೆ ಹೋಗಿ ಬಡ್ಡಿಗೆ ಸಾಲ ತರುತ್ತಾನೆ; ಬಿತ್ತನೆಯ ಬೀಜವನ್ನೂ ಕುಟ್ಟಿ ಉಣ್ಣುತ್ತಾನೆ. ಕೊನೆಗೆ ಹೊಲವು ಕೈಬಿಟ್ಟಾಗ, ಈ ಸಭೆಯಲ್ಲಿ ಪ್ರೀತಿಯಿಲ್ಲ, ಒಬ್ಬರೂ ವಿಚಾರಿಸಲಿಲ್ಲ ಎಂದು ಗುಣುಗುಟ್ಟುತ್ತಾನೆ. ಹಾಗೆಯೇ ಸೊಸೆಯು ತನಗೆ ಜ್ವರ ಬಂದಿದೆಯೆಂದು ಅತ್ತೆಗೆ ತಿಳಿಸದೆ ಪಾತ್ರೆಗಳನ್ನು ಕುಕ್ಕುತ್ತಾಳೆ. ಇಂಥ ಮೌನವನ್ನು ನಾವು ತಾಳ್ಮೆಯೆಂದು ಕರೆಯುತ್ತೇವೆ. ಅನೇಕ ಸಾರಿ ಅದು ತಾಳ್ಮೆಯಲ್ಲ, ತಾಳ್ಮೆಯ ಉಡುಪು ಹಾಕಿಕೊಂಡ ಗರ್ವವೇ. ಯಾಕಂದರೆ ಕೇಳುವವನು ತನಗೆ ಕೊರತೆಯುಂಟೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಇದಕ್ಕೆ ಕೆಲವರು, ದೇವರು ಎಲ್ಲವನ್ನೂ ಬಲ್ಲನಲ್ಲವೇ, ಕೇಳುವದೇತಕ್ಕೆ ಎಂದಾರು. ಯೆರಿಕೋವಿನ ದಾರಿಯಲ್ಲಿ ಕೂತಿದ್ದ ಬಾರ್ತಿಮಾಯನನ್ನು ನೆನಸಿರಿ. ಆತನು ಕುರುಡನೆಂಬದು ಯಾರಿಗೆ ಕಾಣುತ್ತಿರಲಿಲ್ಲ? ಆದರೂ ಕರ್ತನು ಆತನನ್ನು ಹತ್ತಿರ ಕರಿಸಿ, ಬೇಕಾದದ್ದೇನೆಂದು ಆತನ ಬಾಯಿಂದಲೇ ಹೇಳಿಸಿದನು. ಜನರು ಗದರಿಸಿದರೂ ಸುಮ್ಮನಾಗದೆ ಕೂಗಿದ ಆ ಕೂಗೇ ಆತನ ವಿಶ್ವಾಸವಾಗಿತ್ತು. ತಂದೆಯು ನಮ್ಮ ಕೊರತೆಯನ್ನು ತಿಳಿಯಲಿ ಎಂದಲ್ಲ, ನಾವು ಆತನನ್ನು ತಂದೆಯೆಂದು ತಿಳಿಯಬೇಕೆಂದೇ ಪ್ರಾರ್ಥನೆಯು ನೇಮಕವಾಗಿದೆ.

ಮತ್ತೆ ಕೆಲವರು, ಕೇಳುವದು ಅವಮಾನ ಎನ್ನುತ್ತಾರೆ. ಇವರು ಸುಖರೆಂಬ ಊರಿನ ಬಾವಿಯ ಬಳಿಗೆ ಬರಲಿ. ಅಲ್ಲಿ ಲೋಕರಕ್ಷಕನು ದಣಿದು ಕೂತು, ಸಮಾರ್ಯದ ಹೆಂಗಸೊಬ್ಬಳನ್ನು ನೀರು ಕೇಳಿದನು. ಅವಳ ಜನರ ಸಂಗಡ ಆತನ ಜನರಿಗೆ ಬಳಕೆ ಇರಲಿಲ್ಲ. ಯಾವ ಬಾವಿಯಿಂದ ಯಾರು ಸೇದಬೇಕು, ಯಾರ ಕೈಯ ನೀರು ಯಾರು ಕುಡಿಯಬೇಕು ಎಂಬ ನೋವನ್ನು ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕೋ? ಆತನು ಕೇಳಿದ್ದರಿಂದ ಹೀನನಾಗಲಿಲ್ಲ. ಅವಳೇ ಘನವನ್ನು ಹೊಂದಿದಳು. ನೆರೆಯವನನ್ನು ಸಹಾಯ ಕೇಳುವವನು, ನಿನ್ನಲ್ಲಿ ಒಳ್ಳೇತನವುಂಟೆಂದು ನಂಬಿದ್ದೇನೆ ಎಂದು ಹೇಳಿದ ಹಾಗಾಯಿತು.

ಆದರೆ ಬೆಕ್ಕಿನ ಪಾಠಕ್ಕೆ ಒಂದು ಮೇರೆ ಉಂಟು. ಕೇಳಿದ್ದು ಸಿಕ್ಕದಿದ್ದರೆ ಅದು ಮನೆಯವರು ಮರೆಯಾದ ಕೂಡಲೆ ನೆಲುವಿಗೆ ಹಾರುತ್ತದೆ. ಪಕ್ಕದ ಮನೆಯ ಮರಿಗೋಸ್ಕರ ಅದು ಎಂದೂ ಬೇಡದು. ದುಡಿಯಲು ಕೈಯಿದ್ದೂ ಕೇಳಿಯೇ ಬದುಕುವೆನೆಂಬವನು ಅದರಿಂದ ಸೋಮಾರಿತನವನ್ನೇ ಕಲಿತಾನು. ನಮ್ಮ ಕರ್ತನಾದರೋ ಗೆತ್ಸೆಮನೆಯಲ್ಲಿ ಆ ಪಾತ್ರೆಯು ತನ್ನಿಂದ ದಾಟಿಹೋಗಲಿ ಎಂದು ಮರೆಮಾಚದೆ ಕೇಳಿದನು, ಕೇಳಿದ ಮೇಲೆ ಎಲ್ಲವನ್ನೂ ತಂದೆಯ ಚಿತ್ತಕ್ಕೆ ಒಪ್ಪಿಸಿದನು. ಇಲ್ಲವೆಂಬ ಉತ್ತರವನ್ನೂ ಹಗೆಯಿಲ್ಲದೆ ತಾಳುವದೇ ಕ್ರೈಸ್ತನ ಬೇಡಿಕೆಯ ಗುರುತು.

ಕೇಳಲ್ಪಟ್ಟವರಿಗೂ ಒಂದು ಮಾತು. ಬೆಕ್ಕು ಕೂಗಿದರೆ ನಾವು ನಿದ್ದೆಗಣ್ಣಿನಲ್ಲಿ ಎದ್ದಾದರೂ ಕದ ತೆರೆಯುತ್ತೇವೆ. ಸಹೋದರನು ನಾಚಿಕೆಯನ್ನು ನುಂಗಿ ನಮ್ಮ ಬಾಗಲಲ್ಲಿ ನಿಂತಾಗ ಅವನನ್ನು ಹತ್ತು ಪ್ರಶ್ನೆ ಕೇಳಿ, ಅವನ ಬಡತನವನ್ನು ಊರಲ್ಲಿ ಸಾರಿದರೆ, ಅವನು ಇನ್ನೊಮ್ಮೆ ಬಾಯಿ ತೆರೆಯುವನೋ? ಅವನು ಸಾಹುಕಾರನ ಬಳಿಗೆ ಹೋದದ್ದಕ್ಕೆ ನಾವೂ ಲೆಕ್ಕ ಕೊಡಬೇಕಾದೀತು. ಆದದರಿಂದ, ಪ್ರಿಯರೇ, ಕೊರತೆಯುಳ್ಳವನು ಕೇಳಲಿ, ಉಳ್ಳವನು ಕಿವಿಗೊಡಲಿ, ಇಬ್ಬರೂ ಒಂದೇ ತಂದೆಯ ಬಾಗಲನ್ನು ತಟ್ಟುತ್ತಾ ಇರಲಿ.