ತಂತಿ ಕಡಿದಾಗ ಹೊಣೆಯೂ ಕಡಿಯುವುದೇ?



ಗಡಿನಾಡಿನ ನಮ್ಮ ಬಾಳಿನಲ್ಲಿ ದೂರವಾಣಿಗೆ ಇರುವ ಬೆಲೆ ಒಳನಾಡಿನವರಿಗೆ ಸುಲಭವಾಗಿ ತಿಳಿಯಲಾರದು. ಮಗಳನ್ನು ಕೊಟ್ಟ ಊರು ಒಂದು ರಾಜ್ಯದಲ್ಲಿ, ಮಾಲು ಮಾರುವ ಪೇಟೆ ಇನ್ನೊಂದು ರಾಜ್ಯದಲ್ಲಿ. ಹಿಂದೆ ಟ್ರಂಕ್ ಕಾಲ್ ಹಚ್ಚಿ ತಾಸುಗಟ್ಟಲೆ ಕಾಯುತ್ತಿದ್ದ ನಾವು ಇಂದು ಹೊಲದ ಬದುವಿನ ಮೇಲೆ ನಿಂತು ಸೊಲ್ಲಾಪುರದ ಉಳ್ಳಾಗಡ್ಡಿ ದರ ಕೇಳುತ್ತೇವೆ. ಹಣವನ್ನೂ ಅಲ್ಲಿಂದಲೇ ಕಳಿಸುತ್ತೇವೆ. ಈ ಅನುಕೂಲವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಈಚೆಗೆ ಅಂಗಡಿ, ಕಚೇರಿ, ಬ್ಯಾಂಕು ಎಲ್ಲ ಕಡೆ ಒಂದೇ ಮಾತು ಕೇಳಿಬರುತ್ತಿದೆ: “ನೆಟ್‌ವರ್ಕ್ ಇಲ್ಲ, ನಾವೇನು ಮಾಡೋಣ?” ಈ ಮಾತು ಎಲ್ಲಿಯವರೆಗೆ ಸತ್ಯ, ಎಲ್ಲಿಂದ ಮುಂದೆ ಬರೀ ನೆಪ ಎಂಬುದನ್ನು ವಿಚಾರ ಮಾಡಬೇಕಾಗಿದೆ.

ಮೊದಲು ವಸ್ತುಸ್ಥಿತಿ ನೋಡೋಣ. ಮೊಬೈಲಿಗೆ ತಂತಿ ಇಲ್ಲವೆಂದು ನಾವು ತಿಳಿದಿದ್ದೇವೆ. ನಮ್ಮ ಮಾತು ಗಾಳಿಯಲ್ಲಿ ಹೋಗುವುದು ಸಮೀಪದ ಟವರಿನವರೆಗೆ ಮಾತ್ರ. ಮುಂದಿನ ಪ್ರಯಾಣ ಹೆಚ್ಚಾಗಿ ರಸ್ತೆಯ ಬದಿಗೆ ಹೂತ ಗಾಜಿನ ಎಳೆಯ ಕೇಬಲ್ಲಿನಲ್ಲಿ. ಕರೆಂಟು ಹೋದರೆ ಟವರು ಕೆಲವು ತಾಸು ಬ್ಯಾಟರಿಯ ಮೇಲೆ, ಆಮೇಲೆ ಡೀಸೆಲ್ ಇದ್ದರೆ ಅದರ ಮೇಲೆ ನಿಲ್ಲಬೇಕು. ಖಂಡ ಖಂಡಗಳ ನಡುವಿನ ಅಂತರಜಾಲ ಸಂಚಾರದಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಪಾಲು ಸಮುದ್ರದ ತಳದ ಕೇಬಲ್ಲುಗಳಲ್ಲೇ ಹೋಗುತ್ತದೆ. ಆಳ ಸಮುದ್ರದಲ್ಲಿ ಈ ಕೇಬಲ್ಲಿನ ದಪ್ಪ ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನಷ್ಟೇ. ಜಗತ್ತಿನಲ್ಲಿ ವರ್ಷಕ್ಕೆ ನೂರೈವತ್ತರಿಂದ ಇನ್ನೂರು ಸಲ ಇವು ಕೆಡುತ್ತವೆ; ಬಹುಪಾಲು ಮೀನಿನ ಬಲೆ ಮತ್ತು ಹಡಗಿನ ಲಂಗರುಗಳಿಂದ.

2008ರ ಜನವರಿ 30ರಂದು ಈಜಿಪ್ತಿನ ಅಲೆಗ್ಸಾಂಡ್ರಿಯಾ ಬಳಿ ಎರಡು ಕೇಬಲ್ಲು ತುಂಡಾದಾಗ ಸಾವಿರಾರು ಮೈಲಿ ದೂರದ ಭಾರತದಲ್ಲಿ ಅಂತರಜಾಲ ಬಹಳಷ್ಟು ಕುಗ್ಗಿತು. 2011ರಲ್ಲಿ ಜಾರ್ಜಿಯಾ ದೇಶದಲ್ಲಿ 75 ವರ್ಷದ ಬಡ ಮುದುಕಿಯೊಬ್ಬಳು ಗುಜರಿಗೆ ಹಾಕಲು ತಾಮ್ರ ಹುಡುಕುತ್ತ ನೆಲ ಅಗೆದು ಕೇಬಲ್ಲಿಗೆ ಪೆಟ್ಟು ಹಾಕಿದಳು. ನೆರೆಯ ಆರ್ಮೇನಿಯಾ ದೇಶದ ಬಹುತೇಕ ಜನರಿಗೆ ಹಲವು ತಾಸು ಅಂತರಜಾಲವೇ ಇರಲಿಲ್ಲ. 2022ರ ಜನವರಿ 15ರಂದು ಸಮುದ್ರದ ಜ್ವಾಲಾಮುಖಿ ಸಿಡಿದು, ಟೊಂಗಾ ದ್ವೀಪ ದೇಶವನ್ನು ಹೊರಜಗತ್ತಿಗೆ ಜೋಡಿಸಿದ್ದ ಒಂದೇ ಒಂದು ಕೇಬಲ್ಲು ಹರಿಯಿತು. ಅದನ್ನು ಸರಿಪಡಿಸಲು ಐದು ವಾರ ಹಿಡಿಯಿತು.

ಮನುಷ್ಯ ಮಾಡಿದ್ದು ಮುರಿಯುತ್ತದೆ; ಅದರಲ್ಲಿ ಪಾಪ ಪುಣ್ಯದ ಪ್ರಶ್ನೆ ಇಲ್ಲ. ಪ್ರಶ್ನೆ ಇರುವುದು ಒಂದೇ ದಾರಿ ಇಟ್ಟುಕೊಂಡವರ ಲೆಕ್ಕದಲ್ಲಿ. ವಾಣಿಜ್ಯಶಾಸ್ತ್ರ ಓದಿದ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಮೀಸಲು ನಿಧಿಯದೂ ಒಂದು. ಒಳ್ಳೆಯ ವರ್ಷದಲ್ಲಿ ಅದು ಸುಮ್ಮನೆ ಕುಳಿತ ಹಣದಂತೆ ಕಾಣುತ್ತದೆ. ಎರಡನೆಯ ದಾರಿಯೂ ಹಾಗೆಯೇ. ಅದನ್ನು ಇಡದಿದ್ದರೆ ಕಂಪನಿಗೂ ಉಳಿತಾಯ, ಕಚೇರಿಗೂ ಉಳಿತಾಯ, ಅಂಗಡಿಯವರಿಗೂ ಉಳಿತಾಯ. ಆದರೆ ದಾರಿ ಕಡಿದ ದಿನ ನಷ್ಟ ಬೀಳುವುದು ಯಾರ ಮೇಲೆ? ಉಳಿಸಿದವರ ಮೇಲಲ್ಲ, ಸಾಲಿನ ಕೊನೆಗೆ ನಿಂತವರ ಮೇಲೆ. ಹೆಬ್ಬೆಟ್ಟಿನ ಯಂತ್ರ ನಡೆಯಲಿಲ್ಲವೆಂದು ರೇಷನ್ ಸಿಗದೆ ಬರಿಗೈಲಿ ತಿರುಗುವ ಅಜ್ಜಿಯ ಮೇಲೆ. ಲಾಭ ಒಬ್ಬರದು, ನಷ್ಟ ಇನ್ನೊಬ್ಬರದು ಆದರೆ ಅದನ್ನು ಯಾವ ಕಿರ್ದಿಯೂ ಒಪ್ಪದು.

ಸರ್ಕಾರಕ್ಕೂ ಇದು ಅರಿವಾಗಿದೆ. ಹೆಬ್ಬೆಟ್ಟು ಹೊಂದದ ಕಾರಣಕ್ಕೆ, ನೆಟ್‌ವರ್ಕ್ ಇಲ್ಲದ ಕಾರಣಕ್ಕೆ ಅರ್ಹರಿಗೆ ರೇಷನ್ ನಿಲ್ಲಿಸಬಾರದೆಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ತಿಳಿಸಿದೆ. ಯುಪಿಐ ಮೂಲಕ ಅಂಗಡಿಗೆ ಕೊಟ್ಟ ಹಣ ಖಾತೆಯಿಂದ ಹೋಗಿ ಅಂಗಡಿಗೆ ಖಾತ್ರಿ ಬಾರದಿದ್ದರೆ, ಆ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕು 2019ರಲ್ಲಿ ನಿಯಮ ಮಾಡಿದೆ. ವ್ಯಾಪಾರಸ್ಥ ಬಂಧುಗಳು ಇದನ್ನು ತಿಳಿದಿದ್ದು ಗಿರಾಕಿಗಳಿಗೂ ತಿಳಿಸಬೇಕು.

ಆದರೆ ನಿಯಮ ಎಲ್ಲವನ್ನೂ ಮಾಡಲಾರದು. 2025ರ ಮಾರ್ಚ್ 26ರಂದು, ಮತ್ತೆ ಏಪ್ರಿಲ್ 12ರಂದು, ದೇಶದಾದ್ಯಂತ ಯುಪಿಐ ವ್ಯವಹಾರಕ್ಕೆ ಅಡಚಣೆಯಾಯಿತು. ಅಂಥ ಹೊತ್ತಿನಲ್ಲಿ ಔಷಧಿ ಅಂಗಡಿಯ ಮುಂದೆ ನಿಂತವರ ಜೇಬಿನಲ್ಲಿ ರೊಕ್ಕ ಇಲ್ಲ, ಅಂಗಡಿಯಲ್ಲಿ ಉದ್ರಿ ವಹಿ ಇಲ್ಲ. ಔಷಧಿ ಇದೆ, ಹಣವೂ ಖಾತೆಯಲ್ಲಿದೆ, ನಡುವೆ ನಂಬಿಕೆ ಒಂದಿದ್ದರೆ ಸಾಕು. ನಮ್ಮ ಹಿರಿಯರು ಅಡತಿ ಅಂಗಡಿಯಲ್ಲಿ ಬರೀ ಮಾತಿನ ಮೇಲೆ ಗಾಡಿಗಟ್ಟಲೆ ಮಾಲು ಬಿಟ್ಟು ಬರುತ್ತಿದ್ದರು. ಎಲ್ಲರೂ ಪ್ರಾಮಾಣಿಕರಿದ್ದರೆಂದು ನಾವು ಹೇಳುವುದಿಲ್ಲ. ಮುಳುಗಿದ ಉದ್ರಿಗಳೂ ಬಹಳ. ಆದರೂ ಮುಖ ನೋಡಿ ನಂಬುವ ಅಭ್ಯಾಸ ಇತ್ತು. ಅಭ್ಯಾಸ ತಪ್ಪಿದರೆ ಬೇಕಾದ ದಿನ ಅದು ಬರುವುದಿಲ್ಲ.

ಇದಕ್ಕೆ ನಮ್ಮ ಗಡಿಯ ವಯನಾಡೇ ಸಾಕ್ಷಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲದ ಮೇಲೆ ಗುಡ್ಡ ಕುಸಿದು ನೂರಾರು ಜನ ತೀರಿಕೊಂಡರು. ಕರೆಂಟು, ಫೋನು ಅಸ್ತವ್ಯಸ್ತವಾದಾಗ ಹ್ಯಾಮ್ ರೇಡಿಯೋ ಹವ್ಯಾಸಿಗಳು ಕಲ್ಪೆಟ್ಟದಲ್ಲಿ ಕೇಂದ್ರ ತೆರೆದು ಸುದ್ದಿ ಮುಟ್ಟಿಸಲು ನಿಂತರು. ಬ್ಯಾಟರಿಯ ಮೇಲೆ ನಡೆಯುವ ಈ ರೇಡಿಯೋಕ್ಕೆ ಸರ್ಕಾರದ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. ಮೊಬೈಲ್ ಇದ್ದ ದಿನಗಳಲ್ಲಿ ಇವರ ಹವ್ಯಾಸ ಹಲವರಿಗೆ ಬಿಡುವಿನ ಹುಚ್ಚಾಗಿ ಕಂಡಿರಬಹುದು. ಕೈಯಿಂದ ಖರ್ಚು ಮಾಡಿ ಅವರು ಇಟ್ಟುಕೊಂಡಿದ್ದ ಎರಡನೆಯ ದಾರಿಯೇ ಆ ದಿನ ಊರಿನ ಉಪಯೋಗಕ್ಕೆ ಬಂತು.

“ಕಂಪನಿಯ ತಪ್ಪಿಗೆ ನಾವೇಕೆ ಹೊಣೆ?” ಎಂದು ಕೆಲವರು ಕೇಳಬಹುದು. ತಂತಿಗೆ ನಾವು ಹೊಣೆಯಲ್ಲ, ಸರಿ. ಆದರೆ ಕೊಟ್ಟ ಮಾತಿಗೆ, ಬರೆದ ಲೆಕ್ಕಕ್ಕೆ, ಬಾಗಿಲಿಗೆ ಬಂದವರಿಗೆ ನಾವೇ ಹೊಣೆ. ಅನುಕೂಲವನ್ನು ಯಂತ್ರಕ್ಕೆ ಒಪ್ಪಿಸಬಹುದು, ಕರ್ತವ್ಯವನ್ನು ಒಪ್ಪಿಸಲು ಬರುವುದಿಲ್ಲ.

ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಮುಖ್ಯವಾದ ಹತ್ತಾರು ಫೋನ್ ನಂಬರುಗಳನ್ನು ವಹಿಯಲ್ಲಿ ಬರೆದಿಡಿ. ದಿನದ ಕಿರ್ದಿಯನ್ನು ಅಂದೇ ಕಾಗದದ ಮೇಲೂ ಇಳಿಸಿರಿ. ಗಲ್ಲಾಪೆಟ್ಟಿಗೆಯಲ್ಲಿ, ಮನೆಯಲ್ಲಿ ಸ್ವಲ್ಪ ಚಿಲ್ಲರೆ ಇರಲಿ. ನೆಟ್‌ವರ್ಕ್ ಹೋದ ದಿನ ಔಷಧಿಗೆ, ಅಕ್ಕಿಗೆ ಬಂದವರ ಹೆಸರು ಬರೆದುಕೊಂಡು ಮಾಲು ಕೊಡಿ. ಹಾಗೆ ಪಡೆದವರು ಸಂಪರ್ಕ ಬಂದ ಕೂಡಲೇ, ಕೇಳುವ ಮೊದಲೇ, ಹಣ ಮುಟ್ಟಿಸಿರಿ. ಈ ಎರಡನೆಯದು ನಡೆದರೆ ಮಾತ್ರ ಮೊದಲನೆಯದು ಉಳಿದೀತು.