ಅತಿಥಿಯೋ, ಗ್ರಾಹಕನೋ?

ಹಣ ಕೊಟ್ಟು ಹಾಸಿಗೆ ಕೊಳ್ಳಬಹುದು, ನಿದ್ದೆ ಕೊಳ್ಳಲಾಗದು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹಾಗಾದರೆ ಸೌಂದರ್ಯವನ್ನು ಕೊಳ್ಳಬಹುದೇ? ಕೊಳ್ಳುವುದು ಹೋಗಲಿ, ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ಪಡೆಯಬಹುದೇ? ಜಪಾನಿನ ದೊಡ್ಡ ನಗರಗಳಲ್ಲಿ ಇಂದು ಕಲೆಯನ್ನೇ ಮುಖ್ಯ ಆಕರ್ಷಣೆಯಾಗಿಸಿಕೊಂಡ ಹೋಟೆಲ್‌ಗಳಿವೆ. ಅಲ್ಲಿ ಪ್ರವಾಸಿಯು ಹಾಸಿಗೆಯ ಜೊತೆಗೆ ಗೋಡೆಯ ಮೇಲಿನ ಚಿತ್ರಕ್ಕೂ ಸೇರಿಸಿ ಬಾಡಿಗೆ ಕೊಡುತ್ತಾನೆ.

ಟೋಕಿಯೊದ ಶಿಯೊದೊಮೆ ಪ್ರದೇಶದ ಪಾರ್ಕ್ ಹೋಟೆಲ್ ಇದಕ್ಕೊಂದು ಉದಾಹರಣೆ. ಗಗನಚುಂಬಿ ಕಟ್ಟಡವೊಂದರ ಮೇಲಿನ ಅಂತಸ್ತುಗಳಲ್ಲಿರುವ ಈ ಹೋಟೆಲ್ 2012ರ ಕೊನೆಯಲ್ಲಿ ಒಂದು ಯೋಜನೆ ಆರಂಭಿಸಿತು. 31ನೇ ಮಹಡಿಯ ಕೋಣೆಗಳನ್ನು ಒಂದೊಂದಾಗಿ ಕಲಾವಿದರಿಗೆ ಒಪ್ಪಿಸಲಾಯಿತು. ಅವರು ಕೋಣೆಯ ಗೋಡೆಗಳ ಮೇಲೆಯೇ ನೇರವಾಗಿ ಚಿತ್ರ ಬರೆದರು. ಒಂದು ಕೋಣೆಯಲ್ಲಿ ಸುಮೋ ಜಟ್ಟಿಗಳು, ಇನ್ನೊಂದರಲ್ಲಿ ಝೆನ್ ಧ್ಯಾನದ ಛಾಯೆ. 2016ರ ಹೊತ್ತಿಗೆ ಇಂತಹ 31 ಕೋಣೆಗಳು ಸಿದ್ಧವಾದವು.

ಕಲೆಯ ಸ್ಥಾನ ಮ್ಯೂಸಿಯಂ, ಅದರ ನಡುವೆ ಹಲ್ಲುಜ್ಜಿ ಮಲಗುವುದು ಕಲೆಗೆ ಅವಮಾನ ಎನ್ನುವವರಿದ್ದಾರೆ. ಆದರೆ ಜಪಾನಿನ ಇತಿಹಾಸ ಈ ಆಕ್ಷೇಪವನ್ನು ಒಪ್ಪುವುದಿಲ್ಲ. ಅಲ್ಲಿ ಚಿತ್ರಕಲೆ ಮ್ಯೂಸಿಯಂಗಿಂತ ಬಹಳ ಮೊದಲೇ ವಾಸದ ಕೋಣೆಯಲ್ಲಿತ್ತು. ಕ್ಯೋಟೊ ನಗರದ ನಿಜೋ ಕೋಟೆಯೊಳಗಿನ ಅರಮನೆಯ ಜಾರುಬಾಗಿಲುಗಳ ಮೇಲೆ ಕಾನೊ ಮನೆತನದ ಕಲಾವಿದರು 1626ರ ಸುಮಾರಿಗೆ ಚಿತ್ರಗಳನ್ನು ಬರೆದರು. ಭೇಟಿಗೆ ಬಂದವರು ಕಾದು ಕುಳಿತುಕೊಳ್ಳುವ ಕೋಣೆಗಳಲ್ಲಿ ಹುಲಿ, ಚಿರತೆಗಳು. ಶೋಗನ್ ಸ್ವತಃ ವಿಶ್ರಮಿಸುವ ಒಳಕೋಣೆಗಳಲ್ಲಿ ಮಸಿಯಲ್ಲಿ ಬರೆದ ಶಾಂತವಾದ ಬೆಟ್ಟ, ನೀರು. ಹೊರಗಿನವನಿಗೆ ಭಯ, ಒಡೆಯನಿಗೆ ನೆಮ್ಮದಿ! ಕೋಣೆಯ ಚಿತ್ರ ಎಂದೂ ಬರಿಯ ಅಲಂಕಾರವಾಗಿರಲಿಲ್ಲ. ಅದು ಒಳಗೆ ಬಂದವನಿಗೆ ಅವನ ಸ್ಥಾನ ಯಾವುದೆಂದು ಹೇಳುತ್ತಿತ್ತು.

ಅದೇ ನಾಡಿನ ಚಹಾ ಕೋಣೆಯಲ್ಲಿ ಚಿತ್ರ ಬೇರೊಂದು ಮಾತು ಹೇಳುತ್ತದೆ. ಅಲ್ಲಿ ತೊಕೊನೊಮಾ ಎಂಬ ಗೂಡಿನಂತಹ ಜಾಗದಲ್ಲಿ ಒಂದು ಚಿತ್ರವನ್ನೋ ಬರಹದ ಸುರುಳಿಯನ್ನೋ ತೂಗುಹಾಕುತ್ತಾರೆ. ಋತು ಬದಲಾದರೆ ಸುರುಳಿಯೂ ಬದಲಾಗುತ್ತದೆ. ಬರುವ ಅತಿಥಿ ಯಾರು, ಸಂದರ್ಭ ಯಾವುದು ಎಂದು ಯೋಚಿಸಿ ಆತಿಥೇಯ ಅದನ್ನು ಆರಿಸುತ್ತಾನೆ. ಒಳಗೆ ಬಂದ ಅತಿಥಿ ಮೊದಲು ಅದರ ಮುಂದೆ ಬಾಗಿ ನೋಡುತ್ತಾನೆ. ಸಾಮಾನ್ಯ ಬೈಠಕ್ ಕೋಣೆಯಲ್ಲಂತೂ ಮುಖ್ಯ ಅತಿಥಿಯನ್ನು ತೊಕೊನೊಮಾಕ್ಕೆ ಬೆನ್ನು ಹಾಕಿ ಕೂರಿಸುವ ಪದ್ಧತಿಯಿದೆ. ತನ್ನ ಮನೆಯ ಬೆಲೆಬಾಳುವ ವಸ್ತುವನ್ನು ಅತಿಥಿಯ ಕಣ್ಣಿಗೆ ಒತ್ತಿ ಹಿಡಿಯಬಾರದೆಂಬ ಸಂಕೋಚ ಅದರ ಹಿಂದಿದೆ ಎನ್ನುತ್ತಾರೆ.

ಇನ್ನು ಹೋಟೆಲಿನ ಕೋಣೆ. ಇಲ್ಲಿ ಚಿತ್ರವನ್ನು ಆರಿಸುವವನು ಆತಿಥೇಯನಲ್ಲ, ಹಣ ಕೊಡುವವನು. ಕಂಪ್ಯೂಟರಿನ ಪರದೆಯ ಮೇಲೆ ಕೋಣೆಗಳ ಫೋಟೋ ನೋಡಿ ತನಗೆ ಬೇಕಾದುದನ್ನು ಕಾದಿರಿಸುತ್ತಾನೆ. ಇದರಲ್ಲಿ ಒಂದು ಒಳ್ಳೆಯ ಅಂಶವಿದೆ ಎಂಬುದನ್ನು ಮರೆಯಬಾರದು. ಶೋಗನ್‌ನ ಒಳಕೋಣೆಗೆ ಹೋಗಲು ಹುಟ್ಟು, ಪದವಿ ಬೇಕಿತ್ತು; ಇಲ್ಲಿ ಬಾಡಿಗೆ ಸಾಕು. ಆದರೆ ನಷ್ಟವೂ ಇದೆ. ಇನ್ನೊಬ್ಬರು ನಮಗಾಗಿ ಆರಿಸಿಟ್ಟದ್ದನ್ನು ಕಂಡಾಗ ‘ಇದನ್ನೇಕೆ ಇಟ್ಟರು?’ ಎಂದು ಯೋಚಿಸುತ್ತೇವೆ. ನಾವೇ ಆರಿಸಿದ್ದನ್ನು ಕಂಡಾಗ ‘ಫೋಟೋದಲ್ಲಿದ್ದಂತೆಯೇ ಇದೆಯೇ?’ ಎಂದಷ್ಟೇ ನೋಡುತ್ತೇವೆ. ಮೊದಲನೆಯದು ಅತಿಥಿಯ ಕಣ್ಣು, ಎರಡನೆಯದು ಗ್ರಾಹಕನದ್ದು. ಜಪಾನಿ ಭಾಷೆಯಲ್ಲಿ ಅತಿಥಿಗೂ ಗ್ರಾಹಕನಿಗೂ ಇರುವುದು ಒಂದೇ ಪದ: ‘ಕ್ಯಾಕು’. ಒಂದೇ ಪದದೊಳಗಿನ ಈ ಇಬ್ಬರಲ್ಲಿ ನಾವು ಯಾರಾಗುತ್ತೇವೆ ಎಂಬುದೇ ನಿಜವಾದ ಪ್ರಶ್ನೆ.

ಗ್ರಾಹಕನ ಲೆಕ್ಕ ಸರಳ. ಹಣ ಕೊಟ್ಟಾಯಿತು, ಋಣ ಮುಗಿಯಿತು. ಆದರೆ ಚಿತ್ರ ಬರೆದವನ ಋಣ? ಟೋಕಿಯೊದಲ್ಲಿಯೇ ಹುಟ್ಟಿದ ಬಿಎನ್‌ಎ ಎಂಬ ಹೋಟೆಲ್ ಸಂಸ್ಥೆ ಈ ಪ್ರಶ್ನೆಗೆ ಒಂದು ಉತ್ತರ ಹುಡುಕಿದೆ. ಹಾಸಿಗೆ ಮತ್ತು ಕಲೆ ಎಂಬ ಅರ್ಥದ ಇಂಗ್ಲಿಷ್ ಪದಗಳಿಂದ ಬಂದ ಹೆಸರದು. 2016ರಲ್ಲಿ ಕೊಯೆಂಜಿ ಬಡಾವಣೆಯಲ್ಲಿ, 2021ರಲ್ಲಿ ನಿಹೊಂಬಾಶಿಯಲ್ಲಿ ಅದು ಹೋಟೆಲ್‌ಗಳನ್ನು ತೆರೆಯಿತು. ಅಲ್ಲಿ ಕೋಣೆಯಲ್ಲಿ ಯಾರಾದರೂ ತಂಗಿದಾಗಲೆಲ್ಲ ಬಾಡಿಗೆಯ ಒಂದು ಪಾಲು ಆ ಕೋಣೆಯನ್ನು ರೂಪಿಸಿದ ಕಲಾವಿದರಿಗೆ ಸಲ್ಲುತ್ತದೆ. ಒಮ್ಮೆ ಕೂಲಿ ಕೊಟ್ಟು ಕಳುಹಿಸಿಬಿಡುವುದಕ್ಕಿಂತ ಇದು ಖಂಡಿತ ನ್ಯಾಯವಾದುದು. ಚಿತ್ರ ದುಡಿಯುವಷ್ಟು ದಿನ ಚಿತ್ರಕಾರನಿಗೂ ಪಾಲಿರಬೇಕಲ್ಲವೇ?

ಬಳಕೆಯಿಂದ ಕಲೆ ಮೈಲಿಗೆಯಾಗದು ಎಂದು ಬಲವಾಗಿ ವಾದಿಸಿದವರು ಚಿಂತಕ ಯಾನಾಗಿ ಮುನೆಯೋಶಿ. ದಿನಬಳಕೆಯ ಬಟ್ಟಲು, ಬಟ್ಟೆ, ಬುಟ್ಟಿಗಳ ಸೌಂದರ್ಯಕ್ಕೆ ಅವರು ಮತ್ತು ಅವರ ಕುಂಬಾರ ಮಿತ್ರರು 1925ರಲ್ಲಿ ‘ಮಿಂಗೇ’ ಎಂಬ ಹೆಸರು ಕೊಟ್ಟರು. 1936ರಲ್ಲಿ ಟೋಕಿಯೊದ ಕೊಮಾಬಾದಲ್ಲಿ ಅದಕ್ಕೊಂದು ಮ್ಯೂಸಿಯಂ ಎದ್ದು ನಿಂತಿತು. ಹೆಸರಿಲ್ಲದ ಕುಶಲಕರ್ಮಿಯ ಕೈಯನ್ನು ಯಾನಾಗಿ ಮೆಚ್ಚಿಕೊಂಡರು. ಬಳಕೆಯ ಮಾತು ಸರಿ. ಆದರೆ ಹೆಸರಿಲ್ಲದಿರುವುದನ್ನು ಹೊಗಳುವುದು ಬಟ್ಟಲಲ್ಲಿ ಕುಡಿಯುವವನಿಗೆ ಸುಲಭ, ಬಟ್ಟಲು ಮಾಡಿ ಹೊಟ್ಟೆ ಹೊರೆಯುವವನಿಗೆ ಅಷ್ಟು ಸುಲಭವಲ್ಲ. ಈ ವಿಷಯದಲ್ಲಿ ಕೋಣೆಗೆ ಕಲಾವಿದನ ಹೆಸರಿಡುವ ಹೋಟೆಲೇ ಮೇಲು.

ಹಾಗಿದ್ದರೂ ಬಿಲ್ಲಿನಲ್ಲಿ ಬಾರದ ಒಂದು ಬಾಕಿ ಉಳಿಯುತ್ತದೆ. ಅದು ಗಮನ. ಕಲಾವಿದ ವಾರಗಟ್ಟಲೆ ಗೋಡೆಯ ಮುಂದೆ ನಿಂತಿರುತ್ತಾನೆ. ನಾವು ಅದಕ್ಕೆ ಬೆನ್ನು ಮಾಡಿ ಮೊಬೈಲಿನಲ್ಲಿ ನಮ್ಮ ಮುಖದ ಫೋಟೋ ತೆಗೆದು ಮಲಗಿಬಿಟ್ಟರೆ ಬಾಡಿಗೆ ಕೊಟ್ಟದ್ದು ಯಾವುದಕ್ಕೆ? ಬೆಳಿಗ್ಗೆ ಹೊದಿಕೆ ಬದಲಿಸಲು ಬರುವ ಕೆಲಸದಾಕೆ ಬಿಡಿಗಾಸೂ ಕೊಡದೆ ಆ ಚಿತ್ರವನ್ನು ನೂರಾರು ಸಲ ನೋಡಿರುತ್ತಾಳೆ. ಅದರ ಯಾವ ಮೂಲೆಯಲ್ಲಿ ಬಣ್ಣ ಮಾಸಿದೆ ಎಂಬುದೂ ಅವಳಿಗೆ ಗೊತ್ತಿರುತ್ತದೆ. ಆ ಚಿತ್ರ ಹೆಚ್ಚು ಯಾರದು, ಅವಳದೋ ನಮ್ಮದೋ?

ಈ ಗೋಡೆಗಳಾದರೂ ಶಾಶ್ವತವಲ್ಲ. ಟೋಕಿಯೊದ ಮೆಗುರೊದಲ್ಲಿ ಹಳೆಯ ಕಟ್ಟಡವೊಂದನ್ನು ನವೀಕರಿಸಿ 2003ರಲ್ಲಿ ತೆರೆದ ಕ್ಲಾಸ್ಕಾ ಎಂಬ ಹೋಟೆಲ್ ವಿನ್ಯಾಸ ಮತ್ತು ಕಲೆಯ ನೆಲೆಯೆಂದು ಹೆಸರು ಮಾಡಿತ್ತು. 2020ರ ಡಿಸೆಂಬರ್‌ನಲ್ಲಿ ಅದು ಮುಚ್ಚಿತು. ಚೌಕಟ್ಟಿನ ಚಿತ್ರವನ್ನಾದರೆ ಬೇರೆಡೆಗೆ ಸಾಗಿಸಬಹುದು, ಗೋಡೆಯ ಮೇಲೆ ಬರೆದದ್ದನ್ನು ಸಾಗಿಸುವುದು ಕಷ್ಟ. ಅದು ನೋಡಿದವರ ಮನಸ್ಸಿನಲ್ಲಷ್ಟೇ ಉಳಿಯಬಲ್ಲದು.

ಆದುದರಿಂದ ಅಂತಹ ಕೋಣೆಯಲ್ಲಿ ತಂಗುವ ಅವಕಾಶ ದೊರೆತವರು ಎರಡು ಕೆಲಸ ಮಾಡಬಹುದು. ಕಲಾವಿದರಿಗೆ ಪಾಲು ಸಲ್ಲುತ್ತದೆಯೇ ಎಂದು ಕೋಣೆ ಕಾದಿರಿಸುವಾಗಲೇ ಕೇಳುವುದು ಒಂದು. ರಾತ್ರಿ ದೀಪ ಆರಿಸುವ ಮುನ್ನ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಗೋಡೆಯನ್ನು ನೋಡುವುದು ಇನ್ನೊಂದು. ಮೊದಲನೆಯದರಿಂದ ಒಳ್ಳೆಯ ಗ್ರಾಹಕರಾಗುತ್ತೇವೆ. ಅತಿಥಿಯಾಗಲು ಎರಡನೆಯದೂ ಬೇಕು.